ನೀರು ಕೆಟ್ಟರೆ ಮೊದಲು ತೋಟದ ಕಣಿ ನೋಡಿ

ಉಡುಪಿ ಸುತ್ತಮುತ್ತಲ ಬಾವಿ, ತೋಡು, ಹೊಳೆಗಳ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಮಳೆಗಾಲ ಹಿಡಿಯಿತೆಂದರೆ ನೀರು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿಗಳು ಒಂದರ ಹಿಂದೆ ಒಂದು ಕಪ್ಪಾಗುತ್ತವೆ. ನೀರಿಗೆ ಮಲದ ಸಂಪರ್ಕ ಆಗಿದೆ ಅಂತ ಅರ್ಥ. ಮನುಷ್ಯರದ್ದೋ ದನದ್ದೋ, ಅದನ್ನು ಬಾಟಲಿ ಹೇಳುವುದಿಲ್ಲ. ಹೆಚ್ಚಿನವರು ಪಕ್ಕದ ಮನೆಯ ಶೌಚದ ಗುಂಡಿ ಕಡೆ ಕೈ ತೋರಿಸುತ್ತಾರೆ. ನಾನೀಗ ಮೇಲಿನ ಅಡಿಕೆ ತೋಟದ ಕಣಿಯನ್ನೂ, ಅಂದರೆ ಮಳೆನೀರು ಹೋಗಲು ಅಗೆದ ಕಾಲುವೆಯನ್ನೂ, ನೋಡಿಯೇ ಬರುತ್ತೇನೆ.

ಕಣಿ ಇಲ್ಲದೆ ನಮ್ಮಲ್ಲಿ ಅಡಿಕೆ ಉಳಿಯುವುದಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನೀರನ್ನು ಬೇಗ ತೋಡಿಗೆ ದಾಟಿಸುವುದೇ ಕಣಿಯ ಕೆಲಸ. ತೋಡು ಹೊಳೆ ಸೇರುತ್ತದೆ. ಉಡುಪಿ ಪೇಟೆಗೆ ಕುಡಿಯಲು ಬಜೆ ಅಣೆಕಟ್ಟಿನಲ್ಲಿ ತಡೆದ ಸ್ವರ್ಣಾ ನದಿಯ ನೀರೂ ಬರುತ್ತದೆ ಅಲ್ವಾ?

"ಸ್ಲರಿ ಬಿಟ್ಟದ್ದು ಮರದ ಬುಡಕ್ಕೆ ಮಾರಾಯ್ರೆ, ಕಣಿಗಲ್ಲ" ಅಂದರು ಒಬ್ಬ ಕೃಷಿಕರು. ಸ್ಲರಿ ಅಂದರೆ ಹಟ್ಟಿಯ ಸಗಣಿ, ಗಂಜಲ ಸೇರಿದ ನೀರು ಗೊಬ್ಬರ. ಅವರು ಹೇಳಿದ್ದು ನಿಜವೇ. ನೆಲದ ಮೇಲೆ ಹರಿದ ಗುರುತೇ ಇರಲಿಲ್ಲ. ಇಬ್ಬರೂ ಕಣಿಗಿಳಿದೆವು. ಬದಿಯ ಮಣ್ಣಿನಲ್ಲಿ ಒಂದು ಏಡಿ ಬಿಲ. ಅದರ ಬಾಯಿಂದ ಹಸಿರುಗಂದು ನೀರು ಸಣ್ಣಗೆ ಇಳಿಯುತ್ತಿತ್ತು. ಬಗ್ಗಿದರೆ ಹಟ್ಟಿಯದೇ ವಾಸನೆ.

ಮಣ್ಣು ಸೋಸುತ್ತದೆ ಅನ್ನುವುದು ನಿಧಾನಕ್ಕೆ ಇಂಗುವ ನೀರಿನ ಮಟ್ಟಿಗೆ ಸರಿ. ಏಡಿ ಬಿಲ, ಎರೆಹುಳದ ದಾರಿ, ಕೊಳೆತ ಬೇರಿನ ಟೊಳ್ಳು ಹಿಡಿದ ಸ್ಲರಿ ಸೋಸಿಕೊಳ್ಳದೆ ಸೀದಾ ಕಣಿಗೆ ಬರುತ್ತದೆ. ಗಟ್ಟಿ ಗೊಬ್ಬರಕ್ಕಿಂತ ತೆಳು ಸ್ಲರಿಯಲ್ಲಿ ಈ ಅಪಾಯ ಜಾಸ್ತಿ.

ಅದರ ಜೊತೆ ಇ. ಕೋಲಿ, ಸಾಲ್ಮೊನೆಲ್ಲಾದಂಥ ಕಾಯಿಲೆ ತರುವ ಬ್ಯಾಕ್ಟೀರಿಯಾ ಬರಬಹುದು. ನನಗೆ ಹೆಚ್ಚು ಹೆದರಿಕೆ ಕ್ರಿಪ್ಟೋಸ್ಪೊರಿಡಿಯಂ ಅನ್ನುವ, ಭೇದಿ ತರುವ ಪರಾವಲಂಬಿಯದ್ದು. ಭೇದಿಯಾದ ಎಳೆಗರುಗಳ ಸಗಣಿಯಲ್ಲಿ ಇರಬಹುದು, ಕ್ಲೋರಿನ್‌ಗೆ ಜಗ್ಗುವುದಿಲ್ಲ. ಕುದಿಸಿದರೆ ಸಾಯುತ್ತದೆ.

ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳ ದೊಡ್ಡ ಮಳೆಗೆ ದನದ ಗೊಬ್ಬರದ ಇ. ಕೋಲಿ ಊರಿನ ಬಾವಿ ಸೇರಿತು. 7 ಜನ ಸತ್ತರು, 2,000ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಗೊಬ್ಬರ ಹಾಕಿದ ರೈತನದ್ದು ತಪ್ಪಿಲ್ಲ ಅಂತ ತನಿಖೆಯೇ ಹೇಳಿತು. ನೀರಿಗೆ ಸರಿಯಾಗಿ ಕ್ಲೋರಿನ್ ಹಾಕಿರಲಿಲ್ಲ.

ನಮ್ಮ ಕೃಷಿಕರೂ ಬೇಕೆಂದು ಮಳೆಯಲ್ಲಿ ಸ್ಲರಿ ಬಿಡುವುದಿಲ್ಲ. ಸ್ಲರಿ ಗುಂಡಿಗೆ ಚಾವಣಿ ಇಲ್ಲ, ಹಟ್ಟಿ ಮಾಡಿನ ನೀರೂ ಅದಕ್ಕೇ ಬೀಳುತ್ತದೆ. ತುಂಬಿದ ಮೇಲೆ ಪಂಪ್ ಹಾಕದೆ ಬೇರೆ ದಾರಿ ಏನಿದೆ? ಅದಕ್ಕೇ ನಾನು ಮೊದಲು ಗುಂಡಿಯ ವಿಷಯ ಎತ್ತುತ್ತೇನೆ. ಮೇಲೆ ಶೀಟ್ ಹಾಕಿಸಿ, ಮಾಡಿನ ನೀರನ್ನು ಬೇರೆ ಕಡೆ ತಿರುಗಿಸಿ, ಮೇ ತಿಂಗಳಲ್ಲೇ ಮಳೆ ಇಲ್ಲದ ದಿನ ನೋಡಿ ಗುಂಡಿ ಖಾಲಿ ಮಾಡಿ. ಸ್ಲರಿ ಬಿಡುವ ಮೊದಲು ಬುಡದ ಮಣ್ಣು ಸ್ವಲ್ಪ ಕೆದಕಿ ಸಡಿಲಿಸಿ, ಆಗ ಬಿಲಗಳ ಬಾಯಿ ಮುಚ್ಚುತ್ತದೆ. ಭೇದಿಯಾದ ಕರುವಿನ ಹಾಸು ಸೊಪ್ಪನ್ನು ಬೇರೆಯೇ ರಾಶಿ ಹಾಕಿ, ಒಳಗೆ ಚೆನ್ನಾಗಿ ಬಿಸಿ ಏರುವ ಹಾಗೆ ಆಗಾಗ ಮಗುಚಿ. ಕಣಿ ಪಕ್ಕದ ಬಾವಿಯ ನೀರನ್ನು ಮಳೆಗಾಲ ಮುಗಿಯುವ ತನಕ ಕುದಿಸಿಯೇ ಕುಡಿಯಿರಿ.