ಓಝೋನ್ ಏರಿತು, ನಾನು ಮೆಷಿನ್ ಬಿಚ್ಚಿದೆ

ನನ್ನ ಕೆಲಸ ಗಾಳಿ ಅಳೆಯುವುದು. ರಸ್ತೆ ಪಕ್ಕ ಒಂದು ಸಣ್ಣ ಕ್ಯಾಬಿನ್, ಒಳಗೆ ಒಂದರ ಮೇಲೊಂದು ಅನಲೈಸರ್‌ಗಳು, ದಿನವಿಡೀ ಗುಂಯ್ ಅನ್ನುವ ಎಸಿ. ಮೇಲಿನ ಕೊಳವೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ನಾವು ರೀಡಿಂಗ್ ನೋಡುತ್ತೇವೆ.

ನೈಟ್ರೋಜನ್ ಡೈಆಕ್ಸೈಡ್‌ನ ದಿನದ ಗ್ರಾಫ್‌ಗೆ ಮಾಮೂಲಾಗಿ ಎರಡು ಡುಬ್ಬ. ಬೆಳಗಿನ ಟ್ರಾಫಿಕ್‌ಗೊಂದು, ಸಂಜೆಯದಕ್ಕೊಂದು. 2020ರಲ್ಲಿ ಲಾಕ್‌ಡೌನ್ ಆದ ಮೂರ್ನಾಲ್ಕು ದಿನಕ್ಕೆ ಎರಡೂ ಕರಗಿ ಹೋದವು. ಈ ಅನಿಲ ಹಗಲಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಹಾಗಾಗಿ ಗಾಡಿಗಳು ನಿಂತರೆ ಲೆಕ್ಕ ಕೂಡಲೇ ಇಳಿಯುತ್ತದೆ. ಇದು ನಿರೀಕ್ಷೆ ಮಾಡಿದ್ದೇ.

ನಿರೀಕ್ಷೆ ಮಾಡದೇ ಇದ್ದದ್ದು ಓಝೋನ್. ನೆಲದ ಹತ್ತಿರ ಇದ್ದರೆ ಇದೂ ಮಾಲಿನ್ಯವೇ. ಅದು ಮೇಲೆ ಹೋಗುತ್ತಿತ್ತು!

ರಸ್ತೆ ಖಾಲಿ, ಗಾಳಿ ಶುದ್ಧ, ಮತ್ತೆ ಓಝೋನ್ ಹೇಗೆ ಏರುತ್ತೆ? ಮೆಷಿನ್ ಕೆಟ್ಟಿದೆ ಅಂತ ತೀರ್ಮಾನಿಸಿಬಿಟ್ಟೆ. ಓಝೋನ್ ಇಲ್ಲದ ಗಾಳಿ ಕೊಟ್ಟು ಝೀರೊ ಚೆಕ್ ಮಾಡಿದೆ, ಸರಿ ಇತ್ತು. ಗೊತ್ತಿರುವಷ್ಟು ಓಝೋನ್ ಕೊಟ್ಟು ಸ್ಪ್ಯಾನ್ ಚೆಕ್ ಮಾಡಿದೆ, ಅದೂ ಸರಿ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ನಾಲ್ಕು ದಿನದ ಓಝೋನ್ ಡೇಟಾಗೆ 'ಅಮಾನ್ಯ' ಅಂತ ಗುರುತು ಹಾಕಿ, ಅನಲೈಸರ್ ನಿಲ್ಲಿಸಿ, ಓಝೋನ್ ಅಳೆಯಲು ಅದು ಬಳಸುವ ಯುವಿ ಲ್ಯಾಂಪ್ ಬದಲಿಸಿದೆ. ಮತ್ತೆ ಆನ್ ಮಾಡಿದರೆ ಅದೇ ರೀಡಿಂಗ್.

ಡೇಟಾ ನೋಡುವ ಹಿರಿಯ ಮೇಡಂ ಫೋನ್ ಮಾಡಿದರು. "ಏನ್ರೀ, ಹಳೇ ಭಾನುವಾರಗಳ ಓಝೋನ್ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. ತೆಗೆದು ನೋಡಿದರೆ, ಎಷ್ಟೋ ಭಾನುವಾರ ವಾರದ ಉಳಿದ ದಿನಗಳಿಗಿಂತ ಓಝೋನ್ ಜಾಸ್ತಿ. ಲಾಸ್ ಏಂಜಲೀಸ್‌ನಲ್ಲಿ ಇದನ್ನು ದಶಕಗಳ ಹಿಂದೆಯೇ ಗಮನಿಸಿ 'ವೀಕೆಂಡ್ ಎಫೆಕ್ಟ್' ಅಂತ ಹೆಸರಿಟ್ಟಿದ್ದರಂತೆ.

ಕಾರಣ ಸರಳ. ಓಝೋನ್ ಯಾವ ಸೈಲೆನ್ಸರ್‌ನಿಂದಲೂ ನೇರವಾಗಿ ಬರುವುದಿಲ್ಲ, ಬಿಸಿಲಲ್ಲಿ ಬೇರೆ ಅನಿಲಗಳಿಂದ ಹುಟ್ಟುತ್ತದೆ. ಸೈಲೆನ್ಸರ್‌ನಿಂದ ಬರುವುದು ಹೆಚ್ಚಾಗಿ ನೈಟ್ರಿಕ್ ಆಕ್ಸೈಡ್. ಅದು ಹುಟ್ಟಿದ ಓಝೋನನ್ನು ಅಲ್ಲೇ ತಿಂದುಹಾಕುತ್ತದೆ. ಗಾಡಿಗಳು ನಿಂತಾಗ ತಿನ್ನುವವರು ಕಡಿಮೆಯಾದರು, ಓಝೋನ್ ಉಳಿಯಿತು. ಆ ವರ್ಷ ಪ್ರಪಂಚದ ಅನೇಕ ನಗರಗಳಲ್ಲಿ ಹೀಗೇ ಆಯಿತು. ನಾಚಿಕೆಯ ವಿಷಯ ಅಂದ್ರೆ, ಪಕ್ಕದಲ್ಲೇ ಇರುವ ನೈಟ್ರೋಜನ್ ಅನಲೈಸರ್ ಕೆಲಸ ಮಾಡುವುದೇ ಇದರ ಮೇಲೆ. ಅದು ಒಳಗೆ ಓಝೋನ್ ತಯಾರಿಸಿ, ನೈಟ್ರಿಕ್ ಆಕ್ಸೈಡ್ ಜೊತೆ ಬೆರೆಸಿ, ಆಗ ಹೊಮ್ಮುವ ಮಂದ ಬೆಳಕನ್ನು ಅಳೆಯುತ್ತದೆ. ವರ್ಷಗಟ್ಟಲೆ ಅದನ್ನು ಸರ್ವಿಸ್ ಮಾಡಿದವನು ನಾನೇ.

ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಕಥೆ ಬೇರೆ. ಇಳಿಯಿತು, ಆದರೆ ನೈಟ್ರೋಜನ್ ಡೈಆಕ್ಸೈಡ್‌ನಷ್ಟು ಅಲ್ಲ. ಒಲೆ ಹೊಗೆ, ಕಸ ಸುಡುವುದು, ದೂರದಿಂದ ಬರುವ ಕಣಗಳು, ಇವಕ್ಕೆಲ್ಲ ಲಾಕ್‌ಡೌನ್ ಇರಲಿಲ್ಲವಲ್ಲ. ಗಾಳಿಯಲ್ಲೇ ಅನಿಲಗಳು ಸೇರಿ ಹುಟ್ಟುವ ಕಣಗಳೂ ಇವೆ. 2020ರ ಫೆಬ್ರವರಿಯಲ್ಲಿ ಬೀಜಿಂಗ್‌ನಲ್ಲಿ ಓಡಾಟ ತೀರಾ ಕಡಿಮೆಯಿದ್ದರೂ ದಟ್ಟ ಹೊಗೆಮಂಜು ಕವಿದಿತ್ತು. ಗಾಳಿ ಬೀಸದೆ, ತೇವ ಜಾಸ್ತಿಯಾದರೆ ಇದ್ದಷ್ಟು ಹೊಗೆಯೇ ಸಾಕು. ಅದಕ್ಕೇ ಈಗ ನಾನು ಹೋದ ವಾರದ ಜೊತೆ ಹೋಲಿಸುವುದಿಲ್ಲ. ಹಿಂದಿನ ವರ್ಷಗಳ ಅದೇ ತಿಂಗಳು, ಹೆಚ್ಚುಕಡಿಮೆ ಅದೇ ಗಾಳಿ, ಅದೇ ಉಷ್ಣಾಂಶದ ದಿನ ಹುಡುಕಿ ನೋಡುತ್ತೇನೆ. ಮಳೆ ಬಂದು ತೊಳೆದಿದ್ದನ್ನೂ ಟ್ರಾಫಿಕ್ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ.

ಒಂದು ಮಾತ್ರ ಯಾವ ಗ್ರಾಫೂ ಇಲ್ಲದೆ ಕಂಡಿತ್ತು. ಕೊಳವೆಯ ದಾರಿಯಲ್ಲಿ ದುಂಡಗಿನ ಪುಟ್ಟ ಬಿಳಿ ಟೆಫ್ಲಾನ್ ಫಿಲ್ಟರ್ ಇರುತ್ತದೆ. ಬದಲಿಸುವ ಹೊತ್ತಿಗೆ ಯಾವಾಗಲೂ ಕಪ್ಪು ಬೂದಿಯ ಬಣ್ಣ. ಆ ಸಲ ತೆಗೆದಾಗ ನಡುವೆ ತೆಳ್ಳಗೆ ಒಂದು ಮಸುಕು, ಅಷ್ಟೇ. ಹೊಸದರ ಪಕ್ಕ ಇಟ್ಟು ನೋಡಿದರೇನೇ ಗೊತ್ತಾಗುತ್ತಿತ್ತು.

ನಾಲ್ಕು ದಿನದ ಕಚ್ಚಾ ಡೇಟಾ ಅಳಿಸಿರಲಿಲ್ಲ, ಪುಣ್ಯ. 'ಅಮಾನ್ಯ' ತೆಗೆದು, ಯಾಕೆ ಹಾಕಿದ್ದೆ ಅಂತ ಲಾಗ್‌ಬುಕ್‌ನಲ್ಲಿ ಬರೆದೆ. ಲ್ಯಾಂಪ್‌ಗಾಗಿ ಮೆಷಿನ್ ನಿಲ್ಲಿಸಿದ್ದ ಹೊತ್ತು ಮಾತ್ರ ಸಿಗಲಿಲ್ಲ. ನಿಲ್ಲಿಸಿದ್ದು ಬಿರುಬಿಸಿಲಿನ ಮಧ್ಯಾಹ್ನ, ಓಝೋನ್ ದಿನದಲ್ಲೇ ಅತಿ ಜಾಸ್ತಿ ಇರುವ ಹೊತ್ತು. ಗ್ರಾಫ್‌ನಲ್ಲಿ ಆ ಜಾಗ ಈಗಲೂ ಖಾಲಿ ಇದೆ.