ಮಲಾಣಿ ಲೇಖನ ಎಲ್ಲಿಗೆ ಬಂತು: ಐದು ವಾರದ ಟಿಪ್ಪಣಿ

ಮೊದಲ ವಾರ

ಭುಟ್ಟೋ, ಜಿಯಾ, ಇಮ್ರಾನ್ ಬಿಟ್ಟರೆ ಪಾಕಿಸ್ತಾನದ ರಾಜಕಾರಣಿಗಳ ಬಗ್ಗೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ರಾತ್ರಿ ಊಟ ಆದ ಮೇಲೆ ದಿನಾ ಒಂದು ಗಂಟೆ ಕೂತು, ಒಬ್ಬರ ಮೇಲಾದರೂ ವಿಶ್ವಕೋಶಕ್ಕೆ ಹಾಕುವಂಥ ಲೇಖನ ಬರೆಯೋಣ ಅಂದುಕೊಂಡೆ. ಆರಿಸಿಕೊಂಡದ್ದು ಡಾ. ಮಹೇಶ್ ಕುಮಾರ್ ಮಲಾಣಿ ಅವರನ್ನು. ಸಿಂಧ್ ಪ್ರಾಂತ್ಯದ ಥರ್‌ಪಾರ್ಕರ್ ಜಿಲ್ಲೆಯವರು, ಪಾಕಿಸ್ತಾನ್ ಪೀಪಲ್ಸ್ ಪಾರ್ಟಿ, 2018ರಲ್ಲಿ ನ್ಯಾಷನಲ್ ಅಸೆಂಬ್ಲಿಗೆ, ಅಂದರೆ ಪಾಕಿಸ್ತಾನ ಸಂಸತ್ತಿನ ಕೆಳಮನೆಗೆ, ಅಲ್ಲಿಂದಲೇ ಗೆದ್ದವರು.

ಮೊದಲ ವಾಕ್ಯ ಐದೇ ನಿಮಿಷದಲ್ಲಿ ಬಂತು: ‘ಪಾಕಿಸ್ತಾನದ ನ್ಯಾಷನಲ್ ಅಸೆಂಬ್ಲಿಗೆ ಸಾಮಾನ್ಯ ಕ್ಷೇತ್ರದಿಂದ ಗೆದ್ದ ಮೊದಲ ಮುಸ್ಲಿಮೇತರ.’ ನಾನು ನೋಡಿದ ಸುದ್ದಿಗಳಲ್ಲೆಲ್ಲ ಹಾಗೇ ಇತ್ತು. ಖುಷಿಯಾಗಿ ಮಲಗಿದೆ. ಆ ‘ಮೊದಲ’ ಅನ್ನೋ ಪದ ಎಷ್ಟು ಆಟ ಆಡಿಸುತ್ತೆ ಅಂತ ಆಗ ಗೊತ್ತಿರಲಿಲ್ಲ.

ಎರಡನೇ ವಾರ

ಈ ವಾರ ಪೂರ್ತಿ ಹೆಸರುಗಳ ಕಾಗುಣಿತಕ್ಕೇ ಹೋಯಿತು. ಇಂಗ್ಲಿಷಿನಿಂದ ಎತ್ತಿಕೊಂಡು ಜಿಲ್ಲಾ ಕೇಂದ್ರವನ್ನು ‘ಮಿಥಿ’ ಅಂತ ಬರೆದಿದ್ದೆ. ಸಿಂಧಿಯಲ್ಲಿ ಅದು ಮಿಠಿ. ಅರ್ಥ ಸಿಹಿ. ನಮ್ಮ ಮಿಠಾಯಿಯ ಠ ಅದು! ಇಂಗ್ಲಿಷಿನಲ್ಲಿ ಕಳೆದುಹೋಗುವ ಅಕ್ಷರ ಕನ್ನಡದಲ್ಲಿ ಇರುವಾಗ ಬಿಡೋದು ಯಾಕೆ? ಆದರೆ ಥರ್ ಮಾತ್ರ ಥ ಒತ್ತಿ ಹೇಳುವ ಥರ್‌ನೇ. ಮಲಾನಿ ಅನ್ನೋದನ್ನೂ ತಿದ್ದಿದೆ. ಅಡ್ವಾಣಿಗೆ ಣ ಹಾಕುವ ನಾವು ಮಲಾಣಿಗೂ ಹಾಕಬೇಕು, ಎರಡೂ ಸಿಂಧಿ ಹೆಸರುಗಳೇ.

ನಕ್ಷೆಯ ಮೇಲೂ ಬೆರಳಾಡಿಸಿದೆ. ಥರ್‌ಪಾರ್ಕರ್‌ನ ಆಚೆ ರಾಜಸ್ಥಾನ, ಗುಜರಾತ್. ದಕ್ಷಿಣ ಮೂಲೆಯಲ್ಲಿ ನಗರ್‌ಪಾರ್ಕರ್, ಅಲ್ಲಿ ಕಾರೂಂಝರ್ ಬೆಟ್ಟ, ಅದರ ಬುಡದಾಚೆಗೆ ಕಚ್ಛದ ರಣ. ಜಿಲ್ಲೆಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನ ಹಿಂದೂಗಳು. ಕೋಲ್ಹಿ, ಭೀಲ್, ಮೇಘವಾಳ್ ಸಮುದಾಯಗಳು ದೊಡ್ಡವು. ಮಲಾಣಿ ಪುಷ್ಕರ್ಣ ಬ್ರಾಹ್ಮಣರು, ರಾಜಸ್ಥಾನದ ಕಡೆಯ ಮೂಲ.

ಮೂರನೇ ವಾರ

ಚುನಾವಣೆಗಳ ಕೋಷ್ಟಕ. ಇಲ್ಲಿ ಎರಡು ಸಲ ಎಡವಿದೆ.

ಒಂದು, ಕ್ಷೇತ್ರದ ಸಂಖ್ಯೆ. 2018ರಲ್ಲಿ ಅವರು ಗೆದ್ದದ್ದು ಎನ್‌ಎ-222 (ಎನ್‌ಎ ಅಂದರೆ ನ್ಯಾಷನಲ್ ಅಸೆಂಬ್ಲಿ), ಥರ್‌ಪಾರ್ಕರ್-2. ಹಾಗಾದರೆ 2013ರಲ್ಲಿ ಅದೇ 222ರಲ್ಲಿ ಯಾರು ಗೆದ್ದಿದ್ದರು ಅಂತ ನೋಡಲು ಹೋದರೆ, ಅದು ಥರ್‌ನಲ್ಲೇ ಇಲ್ಲ! 2013ರಲ್ಲಿ ಥರ್‌ನ ಕ್ಷೇತ್ರಗಳು 229 ಮತ್ತು 230. 2018ಕ್ಕೆ 221, 222. 2024ಕ್ಕೆ 214, 215. ಕ್ಷೇತ್ರ ಮರುವಿಂಗಡಣೆ ಆದಾಗೆಲ್ಲ ಸಂಖ್ಯೆ ಜಾರುತ್ತೆ. ಅರ್ಧ ದಿನ ತುಂಬಿದ ಸಾಲುಗಳನ್ನು ಅಳಿಸಿ, ಈಗ ಸಂಖ್ಯೆಯ ಪಕ್ಕದಲ್ಲಿ ವರ್ಷಕ್ಕೂ ಒಂದು ಕಾಲಂ ಇಟ್ಟಿದ್ದೇನೆ.

ಇನ್ನೊಂದು ಸಣ್ಣದು. 2018ರಲ್ಲಿ ಮಲಾಣಿ ಅವರಿಗೆ ಬಿದ್ದ ಮತಗಳನ್ನು 1,06,630 ಅಂತ ನಮ್ಮ ರೀತಿ ಅಲ್ಪವಿರಾಮ ಹಾಕಿ ಬರೆದೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಅದನ್ನು ಅಂಕಿ ಅಂತ ಒಪ್ಪಲಿಲ್ಲ. ಅಂತರದ ಮನೆಯಲ್ಲಿ ಕೆಂಪು ತಪ್ಪು. ಕೊನೆಗೆ ಕಾಗದದ ಮೇಲೆ ಕಳೆದೆ: 1,06,630ರಲ್ಲಿ ಎದುರಾಳಿಯ 87,251 ಹೋದರೆ 19,379. ಎದುರಾಳಿ ಗ್ರ್ಯಾಂಡ್ ಡೆಮಾಕ್ರಟಿಕ್ ಅಲಯನ್ಸ್‌ನ ಅರ್ಬಾಬ್ ಝಕಾವುಲ್ಲಾ. ಥರ್‌ನಲ್ಲಿ ಅರ್ಬಾಬ್ ಅಂದರೆ ಸಾಮಾನ್ಯ ಹೆಸರಲ್ಲ. ಆ ಮನೆತನದ ಅರ್ಬಾಬ್ ಗುಲಾಮ್ ರಹೀಮ್ 2004ರಿಂದ 2007ರವರೆಗೆ ಸಿಂಧ್‌ನ ಮುಖ್ಯಮಂತ್ರಿ ಆಗಿದ್ದವರು. ಅಂಥವರ ಅಂಗಳದಲ್ಲಿ ಹತ್ತೊಂಬತ್ತು ಸಾವಿರದ ಅಂತರ.

ಉಳಿದ ಸಾಲುಗಳು: ಮೊದಲು ನ್ಯಾಷನಲ್ ಅಸೆಂಬ್ಲಿಯಲ್ಲಿ ಅಲ್ಪಸಂಖ್ಯಾತರ ಮೀಸಲು ಸ್ಥಾನ. 2013ರಲ್ಲಿ ಸಿಂಧ್ ಪ್ರಾಂತೀಯ ಸಭೆಗೆ ಪಿಎಸ್-61ರಿಂದ, ಅದೂ ಸಾಮಾನ್ಯ ಕ್ಷೇತ್ರವೇ. 2018ರ ಜುಲೈ 25ಕ್ಕೆ ಎನ್‌ಎ-222. 2024ರ ಫೆಬ್ರವರಿಯಲ್ಲಿ ಎನ್‌ಎ-215, ಮತ್ತೆ ಗೆಲುವು. ಪಕ್ಷದ ಗುರುತು ಬಾಣ.

ಪಕ್ಕದ ಕ್ಷೇತ್ರದ ಸಾಲನ್ನೂ ಸುಮ್ನೆ ತುಂಬಿದೆ. 2018ರಲ್ಲಿ 221ರಿಂದ ನಿಂತು ಸೋತವರು ಶಾ ಮಹಮೂದ್ ಖುರೇಶಿ. ಮುಲ್ತಾನ್‌ನಿಂದ ಗೆದ್ದು ಇಮ್ರಾನ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾದರಲ್ಲ, ಅವರೇ. 2013ರಲ್ಲೂ ಥರ್‌ನಲ್ಲಿ ಸೋತಿದ್ದರು.

ನಾಲ್ಕನೇ ವಾರ

ಈ ವಾರ ‘ಮೀಸಲು’ ಪದದ ಜೊತೆ ಗುದ್ದಾಟ. ಕರಡು ಓದಿದ ನನ್ನ ತಂಗಿ ಕೇಳಿದಳು: ‘ಮೀಸಲು ಕ್ಷೇತ್ರದಿಂದ ಗೆದ್ದರೂ ಗೆದ್ದ ಹಾಗೇ ಅಲ್ವಾ ಅಣ್ಣ? ಇದರಲ್ಲೇನು ವಿಶೇಷ?’ ಸರಿಯಾದ ಪ್ರಶ್ನೆ. ನಮ್ಮಲ್ಲಿ ಮೀಸಲು ಕ್ಷೇತ್ರ ಅಂದರೆ ಅಭ್ಯರ್ಥಿ ಮಾತ್ರ ಆ ವರ್ಗದವರು, ಮತ ಊರಿನವರೆಲ್ಲರದ್ದು. ಅಲ್ಲಿ ಹಾಗಲ್ಲ. ಅಲ್ಪಸಂಖ್ಯಾತರ ಹತ್ತು ಸ್ಥಾನಗಳಿಗೆ ಕ್ಷೇತ್ರವೇ ಇಲ್ಲ. ಪಕ್ಷ ಗೆದ್ದ ಸೀಟುಗಳ ಲೆಕ್ಕದಲ್ಲಿ, ಪಕ್ಷ ಕೊಟ್ಟ ಪಟ್ಟಿಯಿಂದ ಹೆಸರು ಬರುತ್ತೆ. ಹೀಗೆ ಬಂದವರು ಯಾರ ಮನೆ ಬಾಗಿಲಿಗೂ ಮತ ಕೇಳಲು ಹೋಗಬೇಕಾಗಿಲ್ಲ. ಹಾಗಾಗಿ ‘ಮೀಸಲು ಕ್ಷೇತ್ರ’ ಅಂತ ಇದ್ದ ಕಡೆಯೆಲ್ಲ ‘ಮೀಸಲು ಸ್ಥಾನ’ ಮಾಡಿದೆ.

ಅದಕ್ಕೂ ಹಿಂದಿನದು ಇನ್ನೂ ವಿಚಿತ್ರ. ಜಿಯಾ ಉಲ್ ಹಕ್ ಕಾಲದಲ್ಲಿ, 1985ರಲ್ಲಿ, ಪ್ರತ್ಯೇಕ ಮತದಾರ ಪಟ್ಟಿ ಬಂತು. ಹಿಂದೂ ಮತದಾರ ಹಿಂದೂ ಅಭ್ಯರ್ಥಿಗೆ ಮಾತ್ರ ಮತ ಹಾಕಬೇಕು, ನ್ಯಾಷನಲ್ ಅಸೆಂಬ್ಲಿಗಾದರೆ ಅವರಿಗೆ ಇಡೀ ದೇಶವೇ ಒಂದು ಕ್ಷೇತ್ರ. ಮಿಠಿಯ ಬಾವಿ ಒಣಗಿದರೆ ಊರಿನ ಹಿಂದೂ ಯಾರನ್ನು ಕೇಳಬೇಕು? ಸ್ಥಳೀಯ ಸಂಸದನಿಗೆ ಇವನ ಮತ ಬೇಕಿಲ್ಲ. ಮತ ಪಡೆದವನು ಇರೋದು ಎಲ್ಲೋ. 2002ರಲ್ಲಿ ಮುಷರಫ್ ಕಾಲದಲ್ಲಿ ಜಂಟಿ ಮತದಾನ, ಅಂದರೆ ಧರ್ಮದ ಭೇದವಿಲ್ಲದೆ ಕ್ಷೇತ್ರದವರೆಲ್ಲ ಒಟ್ಟಿಗೆ ಮತ ಹಾಕೋದು, ಮರಳಿ ಬಂತು.

ಈ ‘ಮರಳಿ ಬಂತು’ ಬರೆದಾಗಲೇ ಕೈ ನಿಂತದ್ದು. ಮರಳಿ ಬಂತು ಅಂದರೆ ಮುಂಚೆ ಇತ್ತು ಅಂತ ಅಲ್ವಾ? ಹಾಗಾದರೆ ಮುಂಚೆ ಯಾರೂ ಗೆದ್ದಿರಲೇ ಇಲ್ವಾ?

ಐದನೇ ವಾರ

ಗೆದ್ದಿದ್ದರು. 1970ರ ಚುನಾವಣೆ. ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಕ್ಷೇತ್ರಗಳಲ್ಲಿ 160 ಅವಾಮಿ ಲೀಗ್ ಪಾಲಾದವು ಅಂತ ಎಲ್ಲರೂ ಓದಿರುತ್ತೇವೆ. ಉಳಿದ ಎರಡು ಯಾರವು ಅಂತ ನಾನಂತೂ ಯಾವತ್ತೂ ಯೋಚಿಸಿರಲಿಲ್ಲ. ಒಂದು ಪಾಕಿಸ್ತಾನ್ ಡೆಮಾಕ್ರಟಿಕ್ ಪಾರ್ಟಿಯ ನೂರುಲ್ ಅಮೀನ್ ಅವರದು. ಇನ್ನೊಂದು ಚಿತ್ತಗಾಂಗ್ ಗುಡ್ಡಗಾಡಿನಿಂದ ಪಕ್ಷೇತರರಾಗಿ ನಿಂತ ರಾಜಾ ತ್ರಿದಿವ್ ರಾಯ್, ಚಾಕ್ಮಾ ಜನಾಂಗದ ರಾಜ. ಬೌದ್ಧರು! ಬಾಂಗ್ಲಾದೇಶ ಹುಟ್ಟಿದಾಗ ರಾಜ್ಯ, ಮನೆ ಎಲ್ಲ ಬಿಟ್ಟು ಪಾಕಿಸ್ತಾನದ ಕಡೆಯೇ ಉಳಿದರು. ಮಂತ್ರಿಯಾದರು, ಅರ್ಜೆಂಟೀನಾಕ್ಕೆ ರಾಯಭಾರಿಯಾದರು, 2012ರಲ್ಲಿ ಇಸ್ಲಾಮಾಬಾದ್‌ನಲ್ಲಿ ತೀರಿಕೊಂಡರು.

ಅಲ್ಲಿಗೆ ನನ್ನ ಮೊದಲ ವಾಕ್ಯ ಸುಳ್ಳು. ತಿದ್ದಿದ್ದು ಹೀಗೆ: ‘2002ರಲ್ಲಿ ಜಂಟಿ ಮತದಾನ ಮರಳಿದ ಮೇಲೆ ಸಾಮಾನ್ಯ ಕ್ಷೇತ್ರದಿಂದ ನ್ಯಾಷನಲ್ ಅಸೆಂಬ್ಲಿಗೆ ಗೆದ್ದ ಮೊದಲ ಮುಸ್ಲಿಮೇತರ.’ ಸ್ವಲ್ಪ ಉದ್ದವಾಯಿತು, ಓಟ ಕುಂಟುತ್ತೆ. ಆದರೂ ಇರಲಿ. ಮಲಾಣಿ ಅವರ ಗೆಲುವೇನೂ ಇದರಿಂದ ಚಿಕ್ಕದಾಗಲ್ಲ. ಹಕ್ಕು ಸಿಕ್ಕಿ ಹದಿನಾರು ವರ್ಷ ಆದ ಮೇಲೆ ಬಂದ ಗೆಲುವು ಅದು.

ತಂಗಿಗೆ ಹೊಸ ವಾಕ್ಯ ಕಳಿಸಿದೆ. ‘ಈಗ ಅರ್ಥ ಆಯ್ತು, ಆದ್ರೆ ಎರಡು ಸಲ ಓದ್ಬೇಕು’ ಅಂದಳು.

ಬಾಕಿ ಇರೋದು: ಅದೇ 2018ರಲ್ಲಿ ಸಿಂಧ್ ಸಭೆಗೆ ಸಾಮಾನ್ಯ ಕ್ಷೇತ್ರಗಳಿಂದ ಗೆದ್ದ ಹರಿರಾಮ್ ಕಿಶೋರಿ ಲಾಲ್, ಗ್ಯಾನ್‌ಚಂದ್ ಇಸ್ರಾಣಿ ಅವರ ಸಾಲು ಸೇರಿಸಬೇಕು. ನಗರ್‌ಪಾರ್ಕರ್‌ನಿಂದ ಸೆನೆಟ್‌ಗೆ (ಸಂಸತ್ತಿನ ಮೇಲ್ಮನೆ) ಹೋದ ಕೃಷ್ಣಾ ಕುಮಾರಿ ಕೋಲ್ಹಿ ಅವರಿಗೆ ಬೇರೆಯೇ ಲೇಖನ ಬೇಕು, ಚಿಕ್ಕಂದಿನಲ್ಲಿ ಮನೆಯವರ ಜೊತೆ ಜಮೀನ್ದಾರನ ಜೀತದಲ್ಲಿದ್ದವರು ಅವರು. ಮುಂದಿನ ವಾರ ಮಾತ್ರ ತ್ರಿದಿವ್ ರಾಯ್. ಚಾಕ್ಮಾ ಅಂತ ಬರೆಯೋದಾ, ಚಕ್ಮಾ ಅಂತಾನಾ, ಅಲ್ಲಿಂದಲೇ ಶುರು.