ಶಿಡ್ಲಘಟ್ಟಕ್ಕೆ ಹೋಗುವವರು ರೇಷ್ಮೆ ಹುಳುವಿಗೆ ನಾಲ್ಕನೇ ಜ್ವರ ಎದ್ದಿದೆಯೇ ಎಂದು ಕೇಳಿಕೊಂಡು ಹೋಗಿ

ದೈತ್ಯ ಕೀಟಗಳೇ ಕಾಡುಮೃಗಗಳಾಗಿಯೂ ದುಡಿಯುವ ಜಾನುವಾರುಗಳಾಗಿಯೂ ಇರುವ ಕಲ್ಪಿತ ನಾಡೊಂದರ ಕಥೆಯನ್ನು ಮಕ್ಕಳಿಗಾಗಿ ನಾನು ಬರೆಯುತ್ತಿದ್ದೇನೆ, ಗೆಳೆಯ ಅದಕ್ಕೆ ಚಿತ್ರ ಬಿಡಿಸುತ್ತಿದ್ದಾನೆ. ಎತ್ತಿನ ಗಾತ್ರದ ಜೀರುಂಡೆಗೆ ನೊಗ ಹೂಡುವ ಅಧ್ಯಾಯ ಮುಗಿದ ಮೇಲೆ, ಮನುಷ್ಯನಿಗಾಗಿ ನಿಜವಾಗಿ ದುಡಿಯುವ ಕೀಟವಾದ ರೇಷ್ಮೆ ಹುಳುವನ್ನು ನಾವಿಬ್ಬರೂ ಹತ್ತಿರದಿಂದ ನೋಡಿಯೇ ಇಲ್ಲವೆಂಬುದು ಮನಸ್ಸನ್ನು ಕೊರೆಯತೊಡಗಿ, ಡಿಸೆಂಬರ್‌ನಲ್ಲಿ ಮೂರು ದಿನದ ಮಟ್ಟಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟಕ್ಕೆ ಹೋದೆವು. ಬೆಂಗಳೂರಿನಿಂದ ದೇವನಹಳ್ಳಿ, ವಿಜಯಪುರದ ದಾರಿಯಲ್ಲಿ ಹೋಗುವ ಬಸ್ಸು ಸಾಕು.

ಮೊದಲು ಮೋಸ ಹೋದದ್ದನ್ನು ಹೇಳಿಬಿಡುತ್ತೇನೆ. ಬಸ್ಸಿನಿಂದ ಇಳಿದ ಕೂಡಲೇ ಒಬ್ಬರು ಬಂದು, ಹುಳುವಿನಿಂದ ನೂಲಿನವರೆಗೆ ಎಲ್ಲವನ್ನೂ ತೋರಿಸುವುದಾಗಿ ಹೇಳಿ 800 ರೂಪಾಯಿ ಮುಂಗಡ ಪಡೆದರು. ಆಟೊದಲ್ಲಿ ಕರೆದೊಯ್ದು ಇಳಿಸಿದ್ದು ಒಂದು ಸೀರೆ ಅಂಗಡಿಯ ಮುಂದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದ ಹತ್ತು ಒಣ ಗೂಡುಗಳಿದ್ದವು, ಜೀವಂತ ಹುಳು ಒಂದೂ ಇರಲಿಲ್ಲ. ಹುಳು ಎಲ್ಲಿ ಎಂದು ಕೇಳಿದರೆ ಈಗ ಸೀಸನ್ ಅಲ್ಲ ಎಂಬ ಉತ್ತರ ಬಂತು. ಈ ಮಾತನ್ನು ಯಾರೂ ನಂಬಬೇಡಿ. ಈ ಸೀಮೆಯ ರೈತರು ವರ್ಷವಿಡೀ ಒಂದರ ಹಿಂದೊಂದು ಬೆಳೆ ತೆಗೆಯುತ್ತಾರೆ, ಇಲ್ಲವಾದರೆ ಅಷ್ಟು ದೊಡ್ಡ ಗೂಡಿನ ಮಾರುಕಟ್ಟೆ ನಡೆಯುವುದಾದರೂ ಹೇಗೆ?

ಆ ಸರ್ಕಾರಿ ಮಾರುಕಟ್ಟೆಗೆ ಮರುದಿನ ಬೆಳಿಗ್ಗೆ ನಾವೇ ಹೋದೆವು. ಹರಾಜು ಈಗ ಮೊಬೈಲ್ ಫೋನಿನಲ್ಲಿ ನಡೆಯುವುದರಿಂದ ಕೂಗಾಟವನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗಬಹುದು. ಆದರೆ ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಒಂದೊಂದೇ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಕೋಶವಾಗಿರುವ ಹುಳು ಲೊಟಲೊಟ ಎನ್ನುವುದನ್ನು ಕೇಳಿ ಬೆಲೆ ಅಂದಾಜು ಮಾಡುವುದನ್ನು ನೋಡಲು ಒಂದು ಗಂಟೆ ನಿಲ್ಲಬಹುದು. ಜನಸಂದಣಿ ನನಗೆ ಆಗಿಬರುವುದಿಲ್ಲ, ಆದರೂ ನಿಂತೆ. ನೂಲು ಬಿಚ್ಚುವ ಘಟಕಕ್ಕೆ ಮಾತ್ರ ಹೊಟ್ಟೆ ಗಟ್ಟಿಯಿರುವವರೇ ಹೋಗಿ. ಬೇಯುವ ಗೂಡಿನ ವಾಸನೆ ಬಟ್ಟೆಯಿಂದ ಎರಡು ದಿನ ಹೋಗಲಿಲ್ಲ.

ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಬೋರ್ಡು ಕೂಡ ಇಲ್ಲದ, ತಗಡು ಹೊದಿಸಿದ ಊಟದ ಮನೆಯೊಂದಿದೆ. ಗೂಡು ಮಾರಿ ಬಂದ ರೈತರು ಊಟ ಮಾಡುವುದು ಅಲ್ಲಿಯೇ. ಅವರೆಕಾಯಿಯ ಕಾಲವಾದ್ದರಿಂದ ಹಿತಕಿದ ಬೇಳೆಯ ಸಾರು, ಕೈಗೆ ಅಂಟದ ಬಿಸಿ ರಾಗಿಮುದ್ದೆ, ಅಂಚಿನಲ್ಲಿ ಒಂದು ಹಸಿ ಈರುಳ್ಳಿ, ಎಲ್ಲ ಸೇರಿ 60 ರೂಪಾಯಿ. ನೆನೆಸಿದ ಕಾಳನ್ನು ಯಜಮಾನಿ ಹಿಂದಿನ ಜಗಲಿಯಲ್ಲಿ ಕುಳಿತು ಬೆರಳಲ್ಲಿ ಹಿತುಕುತ್ತಿದ್ದರು. ಹೊಲದ ಅವರೆಯ ಸೊಗಡು ಬೀದಿಯ ತಿರುವಿನವರೆಗೂ ಬರುತ್ತಿತ್ತು. ಎರಡನೇ ಮುದ್ದೆಗೆ ಅವರು ಹಣ ಕೇಳಲಿಲ್ಲ, ಮೂರನೆಯದನ್ನು ಕೇಳದೆಯೇ ತಟ್ಟೆಗೆ ಇಟ್ಟರು. ಹಿಂದಿನ ರಾತ್ರಿ ಬಿಸಿನೀರೂ ಬಾರದ ಕೋಣೆಗೆ 1,400 ರೂಪಾಯಿ ತೆತ್ತಿದ್ದ ನಮಗೆ ಈ ಊಟವೇ ಊರಿನ ಮರ್ಯಾದೆಯನ್ನು ಉಳಿಸಿತು. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಸಾರು ಮುಗಿದಿರುತ್ತದೆ.

ಅಲ್ಲಿ ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು ತಮ್ಮ ಮನೆಯಲ್ಲಿ ಹುಳುವಿಗೆ ನಾಲ್ಕನೇ ಜ್ವರ ಎದ್ದು ಐದು ದಿನವಾಯಿತೆಂದು ಹೇಳಿ ನಮ್ಮನ್ನು ಹಳ್ಳಿಗೆ ಕರೆದೊಯ್ದರು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲಿನ ಸುಮಾರು ಒಂದು ವಾರದಲ್ಲಿ ಅದು ಜೀವಮಾನದ ಮೇವಿನ ಬಹುಪಾಲನ್ನು ತಿನ್ನುತ್ತದೆ. ನೋಡಬೇಕಾದ ವಾರ ಅದೇ. ಮೈಗೆ ಸೆಂಟು, ಸೊಳ್ಳೆ ಓಡಿಸುವ ಮುಲಾಮು ಹಚ್ಚಿಕೊಂಡು, ಬೀಡಿ, ಸಿಗರೇಟು ಸೇದಿ ಹುಳು ಮನೆಗೆ ಹೋಗಲೇಬೇಡಿ, ಒಂದು ಕುಟುಂಬದ ಇಡೀ ಬೆಳೆ ಹಾಳಾಗಬಹುದು. "ಬ್ಲೀಚಿಂಗ್ ನೀರಿನಾಗೆ ಕಾಲು ಅದ್ದಿ ಬಾರಣ್ಣ," ಎಂದು ಮನೆಯ ಅಕ್ಕ ಬಾಗಿಲಲ್ಲೇ ತಡೆದರು.

ಬಾಗಿಲಿಗೆ ಸೊಳ್ಳೆಪರದೆಯಂಥ ಜಾಲರಿ. ಒಳಗೆ ಇನ್ನೂರು ಮೊಟ್ಟೆಯ ಹುಳುಗಳು. ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಗಳು ಎಂದು ಲೆಕ್ಕ, ಹಾಗಾಗಿ ಅಲ್ಲಿದ್ದದ್ದು 80,000ಕ್ಕೂ ಹೆಚ್ಚು ಹುಳುಗಳು. ರೆಂಬೆ ಸಮೇತ ಹಿಪ್ಪುನೇರಳೆ ಸೊಪ್ಪು ಹರಡಿದ ಐದೇ ನಿಮಿಷಕ್ಕೆ, ಸೋಗೆಯ ಮೇಲೆ ಮಳೆ ಹಿಡಿದಂಥ ಸದ್ದು ಶುರುವಾಯಿತು. ಗೆಳೆಯ ಭೂತಗನ್ನಡಿಯಲ್ಲಿ ಹುಳುವಿನ ಮಗ್ಗುಲಲ್ಲಿ ಸಾಲಾಗಿದ್ದ ಕಪ್ಪು ಚುಕ್ಕೆಗಳನ್ನು ನೋಡಿ ರೋಗವೇ ಎಂದು ಕೇಳಿದ. "ಅವು ಉಸಿರಾಡೋ ತೂತು. ಊಜಿ ಕಲೆ ಇದು ನೋಡು," ಎಂದು ಅಕ್ಕ ಇನ್ನೊಂದು ಹುಳುವನ್ನು ಅಂಗೈಯಲ್ಲಿಟ್ಟರು. ಅದರ ಬೆಳ್ಳಗಿನ ಮೈಯಲ್ಲಿ ಸುಟ್ಟಂಥ ಒಂದು ಕಪ್ಪು ಮಚ್ಚೆಯಿತ್ತು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ. ಬಾಗಿಲ ಜಾಲರಿ ಅದಕ್ಕಾಗಿ. ನಮ್ಮ ಕಥೆಯ ಕಾಡಿಗೆ ಇದಕ್ಕಿಂತ ಭಯಂಕರ ಮೃಗ ಬೇಕಾಗಿಲ್ಲ.

ಆ ಉಸಿರಿನ ತೂತುಗಳೇ ನಮ್ಮ ಕಥೆಯ ನಾಡಿನ ಗಾಳಿಯನ್ನೂ ಬದಲಿಸಿದವು. ಶ್ವಾಸಕೋಶವಿಲ್ಲದ ಕೀಟ ಅವುಗಳ ಮೂಲಕವೇ ಗಾಳಿ ಎಳೆದುಕೊಳ್ಳಬೇಕಾದ್ದರಿಂದ ಎತ್ತಿನ ಗಾತ್ರಕ್ಕೆ ಬೆಳೆಯುವುದು ಕಷ್ಟ. ಸುಮಾರು 30 ಕೋಟಿ ವರ್ಷಗಳ ಹಿಂದೆ, ಗಾಳಿಯಲ್ಲಿ ಆಮ್ಲಜನಕ ಇಂದಿಗಿಂತ ಹೆಚ್ಚಿದ್ದ ಕಾಲದಲ್ಲಿ, ಏರೋಪ್ಲೇನ್ ಚಿಟ್ಟೆಯ ಬಂಧುವೊಂದರ ರೆಕ್ಕೆಯ ಹರವು ಎರಡು ಅಡಿ ದಾಟಿತ್ತು. ನೊಗದ ಚಿತ್ರವನ್ನು ಗೆಳೆಯ ಕೈಬಿಟ್ಟಿದ್ದಾನೆ. ದುಡಿಯುವ ಕೀಟದ ಸುತ್ತ ಗಂಡ ಹೆಂಡಿರಿಬ್ಬರೂ ಹಗಲು ರಾತ್ರಿ ಸೊಪ್ಪು ಹೊರುವುದನ್ನು ಕಂಡ ಮೇಲೆ ಆ ಚಿತ್ರ ನಮಗೆ ಸುಳ್ಳೆನಿಸಿತು.

ಊರಿಗೆ ಮರಳುವಾಗ ರಸ್ತೆಬದಿಯ ನೀರಿನ ಟ್ಯಾಂಕಿನಡಿ ಹೆಜ್ಜೇನಿನ ನಾಲ್ಕು ಹುಟ್ಟುಗಳು ತೂಗುತ್ತಿದ್ದವು. ತುಡುವೆ ಜೇನಿನ ಹಾಗೆ ಪೆಟ್ಟಿಗೆಯಲ್ಲಿ ಸಾಕಲು ಬಾರದ ಕಾಡಿನ ಜೀವ ಅದು. ಕಣಜದ ಹುಳು ಹತ್ತಿರ ಸುಳಿದಾಗ ಹುಟ್ಟಿನ ಮೇಲೆ ಅಲೆಯೊಂದು ಹರಿದುಹೋಗುವುದನ್ನು ರಸ್ತೆಯ ಆಚೆ ಬದಿಯಲ್ಲೇ ನಿಂತು ನೋಡಿ, ಅಲ್ಲಿಯೂ ಸೆಂಟು ಹಚ್ಚಿಕೊಂಡಿರಬೇಡಿ.